ಪೀಠದ ಬಟ್ಟೆಯ ಮದಲೇನಮ್ಮ

ಮದಲೇನಮ್ಮ ಯಾರನ್ನೂ ಬೈಯದೆ ಪರಮಪ್ರಸಾದ ತೆಗೆದುಕೊಂಡ ಭಾನುವಾರ ನನಗೆ ನೆನಪಿಲ್ಲ. ಸಾಲಿನಲ್ಲಿ ನಿಂತುಕೊಂಡೇ ಬೈಯುತ್ತಿದ್ದರು. ಮುಂದಿನ ಹುಡುಗ ಪ್ಯಾಂಟಿನ ಜೇಬಿಗೆ ಕೈ ಹಾಕಿದ್ದರೆ ಬೆನ್ನಿಗೊಂದು ತಿವಿತ. ಹಿಂದಿನ ಹೆಂಗಸು ಸೀರೆ ವಿಷಯ ಪಿಸುಗುಟ್ಟಿದರೆ ತಿರುಗಿ ನಿಂತು ಕಣ್ಣು ಕೆಂಪಗೆ ಮಾಡುವುದು. ಫಾದರ್ ನಿಂತ ಪೀಠದ ಮುಂದೆ ಬಂದ ಕೂಡಲೇ ಬಾಯಿ ಮುಚ್ಚಿ, ಕಣ್ಣು ಮುಚ್ಚಿ, ಎರಡು ವರ್ಷದ ಮಗುವಿನ ಹಾಗೆ ನಾಲಿಗೆ ಚಾಚಿ ಪ್ರಸಾದ ಪಡೆದು, ನಾಲ್ಕು ಹೆಜ್ಜೆ ಈಚೆ ಬಂದರೋ ಇಲ್ಲವೋ ಮತ್ತೆ ಶುರು. ಆ ಮುಖದ ಮೇಲೆ ಅಷ್ಟು ಭಕ್ತಿ ಬಂದು ಅಷ್ಟೇ ಬೇಗ ಇಳಿದುಹೋಗುವುದನ್ನು ನೋಡುತ್ತಾ ನಾನು ಎಷ್ಟೋ ಸಲ ನನ್ನ ಪ್ರಾರ್ಥನೆಯನ್ನೇ ಮರೆತಿದ್ದೇನೆ.

ನಮ್ಮ ಚರ್ಚು, ನಾವು ದೇವಾಲಯ ಅನ್ನುವುದು, ಯಾವ ಊರಿನದು ಅಂತ ಹೇಳುವುದಿಲ್ಲ. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರರ ಸುತ್ತಮುತ್ತ ಎಲ್ಲೋ ಒಂದು ಕಡೆ ಇದೆ ಅಂದುಕೊಳ್ಳಿ. ಹೆಸರು ಹೇಳಿದರೆ ನಾಳೆ ಬೆಳಿಗ್ಗೆ ಪಾಲನಾ ಸಮಿತಿಯವರು ನನ್ನ ಮನೆ ಬಾಗಿಲಲ್ಲಿರುತ್ತಾರೆ. ಹೆದರಿಕೆಯೇನೂ ಇಲ್ಲ, ಅವರಿಗೆಲ್ಲ ಕಾಫಿ ಕಾಸುವ ತಾಳ್ಮೆ ನನಗಿಲ್ಲ, ಅಷ್ಟೇ. ನಾನು ಇಲ್ಲೇ ಶಾಲೆಯಲ್ಲಿ ಟೀಚರ್. ಭಾನುವಾರದ ಪೂಜೆಯಲ್ಲಿ ಬೈಬಲಿನ ವಾಚನ ಓದುವವಳು. ಆ ಸಮಿತಿಯಲ್ಲಿದ್ದ ಒಬ್ಬಳೇ ಹೆಂಗಸು. ಇದನ್ನೆಲ್ಲ ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಬೈಯಲಿರುವವರಲ್ಲಿ ನಾನೂ ಒಬ್ಬಳು.

ಮದಲೇನಮ್ಮ ಒಣಮೀನು ಮಾರುತ್ತಿದ್ದರು. ಗಂಡ ರೈಲ್ವೆ ಹಳಿ ಕೆಲಸದಲ್ಲಿದ್ದವರು, ಬೇಗ ತೀರಿಕೊಂಡರು. ಮಕ್ಕಳಿರಲಿಲ್ಲ. ವಾರದಲ್ಲಿ ಮೂರು ದಿನ ಮೂರು ಊರಿನ ಸಂತೆ, ಇನ್ನೆರಡು ದಿನ ಎಮ್ಮೆದೊಡ್ಡಿ ಕಡೆಯ ಹಳ್ಳಿಗಳಿಗೆ ತಲೆಯ ಮೇಲೆ ಬುಟ್ಟಿ ಹೊತ್ತು ತಿರುಗುವುದು. ಬಸ್ಸಿನಲ್ಲಿ ಅವರಿಗೂ ಕಂಡಕ್ಟರುಗಳಿಗೂ ವಾರಕ್ಕೊಂದು ಜಗಳ ಗ್ಯಾರಂಟಿ. ಒಮ್ಮೆ ಅಜ್ಜಂಪುರದ ಬಸ್ಸಿನಲ್ಲಿ ನಾನೂ ಇದ್ದೆ. ಕಂಡಕ್ಟರು ಮೂಗು ಮುಚ್ಚಿಕೊಂಡು, ಬುಟ್ಟಿ ಇಳಿಸು, ಪ್ಯಾಸೆಂಜರ್ ಎಲ್ಲ ವಾಂತಿ ಮಾಡ್ತಾರೆ ಅಂದ. ಮದಲೇನಮ್ಮ ಸೀಟಿನಿಂದ ಅಲ್ಲಾಡಲಿಲ್ಲ. "ಯಾವನ್ ವಾಂತಿ ಮಾಡ್ತಾನೋ ಅವನ್ನ ಕರಿಯಪ್ಪಾ, ಮನೇಲಿ ಏನ್ ಸಾರು ಮಾಡವ್ರೆ ಅಂತ ಕೇಳ್ತೀನಿ" ಅಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರೂ ನಕ್ಕು ಟಿಕೆಟ್ ಹರಿದ. ಇಳಿಯುವಾಗ ಅವನಿಗೆ ಒಂದು ಹಿಡಿ ಸೀಗಡಿ ಕಟ್ಟಿಕೊಟ್ಟು, ಹೆಂಡತಿಗೆ ಬದನೆಕಾಯಿ ಜೊತೆ ಹಾಕು ಅಂತ ಹೇಳು ಅಂದರು.

ಶನಿವಾರ ಮಾತ್ರ ಸಂತೆಯಿಲ್ಲ, ಬುಟ್ಟಿಯಿಲ್ಲ. ಶನಿವಾರ ಪೀಠದ ಬಟ್ಟೆ ಒಗೆಯುವ ದಿನ. ಪೂಜೆಯಲ್ಲಿ ದ್ರಾಕ್ಷಾರಸದ ಪಾತ್ರೆ ಒರೆಸುವ ಸಣ್ಣ ಬಟ್ಟೆಗಳು, ಪ್ರಸಾದದ ತಟ್ಟೆಯ ಕೆಳಗೆ ಹಾಸುವ ಚೌಕಗಳು, ಫಾದರ್ ಕೈ ಒರೆಸಿಕೊಳ್ಳುವ ಟವಲ್ಲುಗಳು, ಎಲ್ಲವೂ ಅವರ ಪಾಲಿನ ಕೆಲಸ. ಬೇರೆ ಬಟ್ಟೆಯ ಹಾಗೆ ಇವನ್ನು ಸೋಪಿಗೆ ಹಾಕಿ ಕುಕ್ಕುವಂತಿಲ್ಲ. ಮೊದಲು ಬರೀ ನೀರಿನಲ್ಲಿ ಅದ್ದಿ ತೆಗೆಯಬೇಕು. ಆ ಮೊದಲ ನೀರು ಚರಂಡಿಗೆ ಹೋಗಬಾರದು, ಯಾರೂ ತುಳಿಯದ ಮಣ್ಣಿಗೆ ಹೋಗಬೇಕು, ಯಾಕೆಂದರೆ ಬಟ್ಟೆಯಲ್ಲಿ ಪ್ರಸಾದದ ಒಂದು ಕಣವಾದರೂ ಇರಬಹುದು. ಇದಕ್ಕೆಂದೇ ಮದಲೇನಮ್ಮನ ಹತ್ತಿರ ಒಂದು ಬಿಳಿ ಬಕೆಟ್ ಇತ್ತು. ಅದನ್ನು ಮುಟ್ಟಿದವರ ಏಳು ತಲೆಮಾರನ್ನು ಜಾಲಾಡುತ್ತಿದ್ದರು. ನೀರನ್ನು ತಮ್ಮ ಮನೆಯ ಹಿಂದಿನ ದಾಸವಾಳದ ಬುಡಕ್ಕೆ ಸುರಿದು, ಶಿಲುಬೆ ಗುರುತು ಹಾಕಿ, ಆಮೇಲೆ ಸೋಪು, ಆಮೇಲೆ ನೀಲಿ, ಆಮೇಲೆ ಗಂಜಿ. ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯಲ್ಲಿ ಉಜ್ಜಿ ಭಾನುವಾರ ಏಳು ಗಂಟೆಗೆ ತಂದಿಟ್ಟರೆ, ಅದನ್ನು ಬಿಚ್ಚುವುದಕ್ಕೇ ಮನಸ್ಸು ಬರುತ್ತಿರಲಿಲ್ಲ. ಮೀನು ಮಾರುವ ಕೈಯಿಂದ ಪೀಠದ ಬಟ್ಟೆ ಒಗೆಸುವುದೇ ಅಂತ ಹಿಂದೆ ಯಾರೋ ತಕರಾರು ಎತ್ತಿದ್ದರಂತೆ. ಆಗಿನ ಹಳೆಯ ಫಾದರ್, ಯೇಸುಸ್ವಾಮಿಯ ಶಿಷ್ಯರು ಮತ್ತೇನು ಮಾರುತ್ತಿದ್ದರು ಅಂತ ಕೇಳಿ ಬಾಯಿ ಮುಚ್ಚಿಸಿದ್ದರಂತೆ. ಅಂಥವರು ಈಗ ಎಲ್ಲಿ ಸಿಗುತ್ತಾರೆ!

ಮದುವೆ ಪೂಜೆ ಬಂದರೆ ಅವರ ಸಿಟ್ಟು ನೆತ್ತಿಗೇರುತ್ತಿತ್ತು. ಮದುಮಗಳೂ ಅಂದು ಪಾತ್ರೆಯಿಂದ ದ್ರಾಕ್ಷಾರಸ ಕುಡಿಯುತ್ತಾಳೆ, ಅವಳ ಲಿಪ್‌ಸ್ಟಿಕ್ಕು ಬಟ್ಟೆಗೆ ಹತ್ತುತ್ತದೆ. ಎರಡು ಮದುವೆಗಳಲ್ಲಿ ಪೀಠದ ಬಟ್ಟೆ ಹಾಳಾದ ಮೇಲೆ ಮದಲೇನಮ್ಮ ದೇವಾಲಯದ ಬಾಗಿಲಲ್ಲೇ ಕಾದು ನಿಲ್ಲತೊಡಗಿದರು. ಬ್ಯೂಟಿ ಪಾರ್ಲರಿನಲ್ಲಿ ಅರ್ಧ ದಿನ ಕೂತು ಬಂದ ಹುಡುಗಿಯರ ಗಲ್ಲ ಹಿಡಿದು ತುಟಿ ಒರೆಸಿಯೇ ಒಳಗೆ ಬಿಡುತ್ತಿದ್ದರು. ನನ್ನ ತಂಗಿಯ ಮಗಳಿಗೂ ಒರೆಸಿದರು. ನಮ್ಮವರೆಲ್ಲ ಮುಖ ಊದಿಸಿಕೊಂಡರು. ನನಗೆ ಮಾತ್ರ ಒಳಗೊಳಗೇ ಖುಷಿಯಾಗಿತ್ತು.

ಇಂಥ ಹೆಂಗಸಿಗೆ ನಾವು ಏನು ಮಾಡಿದೆವು ಅನ್ನುವುದನ್ನು ಈಗ ಹೇಳಬೇಕು.

ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರ ಸಂಜೆ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ, ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ನಮ್ಮಲ್ಲಿ ಈ ಹನ್ನೆರಡು ಕುರ್ಚಿಗೆ ಇರುವ ಪೈಪೋಟಿ ಪಂಚಾಯ್ತಿ ಚುನಾವಣೆಗೂ ಇರುವುದಿಲ್ಲ. ಸಮಿತಿಯ ಗಂಡಸರು, ಅವರ ಅಣ್ಣತಮ್ಮಂದಿರು, ಮುಖಮಂಟಪಕ್ಕೆ ಕಲ್ಲು ಹಾಕಿಸಿದವರು, ಇವರದೇ ಕಾರುಬಾರು. ಇನ್ನು ಆ ಗುರುವಾರ ಮಧ್ಯಾಹ್ನ ನೋಡಬೇಕು, ಹನ್ನೆರಡು ಮನೆಯ ಬಚ್ಚಲಿನಲ್ಲೂ ಹಿಮ್ಮಡಿ ಉಜ್ಜುವ ಕೆಲಸ. ಫಾದರ್ ಎದುರಿಗೆ ಕೊಳಕು ಕಾಲು ಚಾಚಬಾರದಂತೆ! ಸೋಪು ಹಾಕಿ, ಕಲ್ಲಿನಿಂದ ತಿಕ್ಕಿ, ಉಗುರು ಕತ್ತರಿಸಿ, ಕೆಲವರು ಪೌಡರನ್ನೂ ಹಾಕಿಕೊಂಡು ಬರುತ್ತಾರೆ. ತೊಳೆದ ಕಾಲನ್ನೇ ತೊಳೆಸಿಕೊಂಡು, ಅದನ್ನು ಮೊಬೈಲಿನಲ್ಲಿ ಲೈವ್ ಬಿಟ್ಟು, ದೀನತೆಯ ಬಗ್ಗೆ ಪ್ರಸಂಗ ಕೇಳಿ ಮನೆಗೆ ಹೋಗುವುದು.

ಈ ಗುಟ್ಟು ರಟ್ಟು ಮಾಡಿದವರು ಮದಲೇನಮ್ಮ. ಕಾಲು ಒರೆಸಿದ ಟವಲ್ಲುಗಳೂ ಅವರ ಬಳಿಗೇ ಒಗೆಯಲು ಬರುತ್ತಿದ್ದವಲ್ಲ. ಹೊಸದಾಗಿ ಬಂದ ಫಾದರ್ ಪೀಠದ ಹಿಂದಿನ ಕೋಣೆಯಲ್ಲಿ ಆ ವರ್ಷದ ಪಟ್ಟಿ ಹಿಡಿದು ಕೂತಿದ್ದಾಗ, ನನ್ನೆದುರಿಗೇ ಹೇಳಿದರು. "ವರ್ಷಾ ವರ್ಷಾ ಹನ್ನೆರಡ್ ಟವಲ್ ಒಗಿತೀನಿ ಸಾಮಿ, ಒಂದ್ರಾಗೂ ಕೊಳೆ ಇರಾಕಿಲ್ಲ. ಯಾರ ಕಾಲು ತೊಳಿತೀರಿ ನೀವು?"

ಫಾದರ್ ನಕ್ಕರು. ನಗು ನಿಂತ ಮೇಲೆ ಪಟ್ಟಿಯ ಹನ್ನೆರಡನೇ ಹೆಸರು ಹೊಡೆದುಹಾಕಿ ಮದಲೇನಮ್ಮನ ಹೆಸರು ಬರೆದರು. ಹೆಂಗಸರನ್ನೂ ಕೂರಿಸಬಹುದು ಅಂತ ಈಗ ಪೋಪರ ಅಪ್ಪಣೆಯೇ ಇದೆ, ಈ ಸಲ ನೀವು ಬನ್ನಿ, ಕಾಲು ತೊಳೆದುಕೊಳ್ಳದೆ ಬನ್ನಿ ಅಂದರು. ಮದಲೇನಮ್ಮ ಸೆರಗನ್ನು ಎಳೆದು ಹೊದ್ದುಕೊಂಡು ಹೊರಗೆ ಹೋದರು. ಹಿಂದೆಯೇ ಹೋಗಿ ನೋಡಿದರೆ, ಗಂಟೆ ಕಂಬದ ಹತ್ತಿರ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ಧೂಳು ಬಿತ್ತು ಅಂತ ನನ್ನ ಮೇಲೇ ರೇಗಿದರು.

ಆ ಗುರುವಾರಕ್ಕೆ ನಾಲ್ಕು ದಿನ ಮುಂಚೆ, ಗರಿಗಳ ಭಾನುವಾರ, ಪೂಜೆ ಮುಗಿದ ಮೇಲೆ ಸಮಿತಿ ಸೇರಿತು. ಕಾರ್ಯದರ್ಶಿ ಅಂತೋಣಿಯವರು ಪಟ್ಟಿ ನೋಡಿದ್ದೇ ತಡ, ಮುಖ ಹುಳ್ಳಗಾಯಿತು. ಆಕೆಯ ಮೇಲೆ ನಮಗೆಲ್ಲ ಗೌರವವಿದೆ, ಆದರೆ ವಾಸನೆ, ಹಿಮ್ಮಡಿ ಬೇರೆ ಒಡೆದಿದೆ, ಲೈವಿನಲ್ಲಿ ಊರೂರಿನವರು ನೋಡುತ್ತಾರೆ, ಆಕೆಗೇ ಮುಜುಗರವಾಗುತ್ತದೆ ಅಂದರು. ಅಂತೋಣಿಯವರದು ಗೊಬ್ಬರದ ಅಂಗಡಿ. ದಿನವಿಡೀ ಗೊಬ್ಬರದ ಮೂಟೆಗಳ ನಡುವೆ ಕೂರುವ ಮನುಷ್ಯನಿಗೆ ಒಣಮೀನಿನ ವಾಸನೆ ಆಗುವುದಿಲ್ಲವಂತೆ! ಫಾದರ್ ಏನಾದರೂ ಹೇಳುತ್ತಾರೆ ಅಂತ ನೋಡಿದೆ. ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಎಲ್ಲರ ಅಭಿಪ್ರಾಯವೂ ಮುಖ್ಯ ಅಂದರು. ಆಗ ಅಂತೋಣಿಯವರು ನನ್ನ ಕಡೆ ತಿರುಗಿ, ಒಬ್ಬ ಹೆಂಗಸು ಇರಬೇಕು ತಾನೇ, ನಮ್ಮ ಟೀಚರಮ್ಮನೇ ಇರಲಿ ಅಂದರು.

ನಾನು ಬೇಡ ಅನ್ನಲಿಲ್ಲ. ಶಾಲೆಯಲ್ಲಿ ನಲವತ್ತು ಮಕ್ಕಳ ಬಾಯಿ ಮುಚ್ಚಿಸುವ ನನ್ನ ಬಾಯಿಗೆ ಅಂದು ಏನಾಗಿತ್ತೋ! ಸುಳ್ಳೇಕೆ, ಒಳಗೆ ಎಲ್ಲೋ ಒಂದು ಕಡೆ ಹಿತವಾಗಿತ್ತು. ನಮ್ಮ ದೇವಾಲಯದಲ್ಲಿ ಆ ಕುರ್ಚಿಯಲ್ಲಿ ಕೂರುವ ಮೊದಲ ಹೆಂಗಸು ನಾನು ಅಂತ ಮನೆಗೆ ಹೋಗಿ ತಂಗಿಗೆ ಫೋನನ್ನೂ ಮಾಡಿದೆ. ಇದಕ್ಕಿಂತ ಹೇಸಿಗೆಯ ಮಾತು ಇನ್ನೊಂದಿದೆ. ಮದಲೇನಮ್ಮನಿಗೆ ಯಾರೂ ಹೇಳಲಿಲ್ಲ. ಕಾರ್ಯದರ್ಶಿ ಹೇಳುತ್ತಾರೆ ಅಂತ ಫಾದರ್, ಫಾದರ್ ಹೇಳುತ್ತಾರೆ ಅಂತ ಕಾರ್ಯದರ್ಶಿ, ಇಬ್ಬರಲ್ಲಿ ಒಬ್ಬರು ಹೇಳಿರುತ್ತಾರೆ ಅಂತ ನಾನು.

ಗುರುವಾರ ಸಂಜೆ ಹನ್ನೆರಡು ಕುರ್ಚಿಯೂ ತುಂಬಿದ್ದವು. ಕೊನೆಯದರಲ್ಲಿ ನಾನಿದ್ದೆ. ಮದಲೇನಮ್ಮ ಹಿಂದಿನ ಬಾಗಿಲಿಂದ ಬರದೆ, ಆ ದಿನ ಮುಂದಿನ ದೊಡ್ಡ ಬಾಗಿಲಿಂದ, ನಡುದಾರಿಯಲ್ಲಿ ಬಂದರು. ಮಡಿಕೆಯ ಗೆರೆ ಇನ್ನೂ ಮಾಸದ ಹೊಸ ಸೀರೆ. ಕೈಯಲ್ಲಿ ಇಸ್ತ್ರಿ ಮಾಡಿದ ಹನ್ನೆರಡು ಟವಲ್ಲು. ಬಸ್‌ಸ್ಟ್ಯಾಂಡಿನಿಂದ ಚಪ್ಪಲಿ ಬಿಟ್ಟು ನಡೆದು ಬಂದಿದ್ದರು. ಮೊಣಕಾಲ ಕೆಳಗೆಲ್ಲ ಕೆಮ್ಮಣ್ಣಿನ ಧೂಳು. ಕುರ್ಚಿಗಳ ಹತ್ತಿರ ಬಂದು ನಿಂತರು. ನನ್ನನ್ನು ನೋಡಿದರು. ಫಾದರನ್ನು ನೋಡಿದರು. ಫಾದರ್ ಪುಸ್ತಕ ನೋಡಿದರು. ನಾನು ನನ್ನ ಕಾಲು ನೋಡಿಕೊಂಡೆ. ಮಧ್ಯಾಹ್ನವಷ್ಟೇ ಕಲ್ಲು ಹಾಕಿ ತಿಕ್ಕಿದ ಕಾಲು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಒಬ್ಬೊಬ್ಬರ ತೊಡೆಯ ಮೇಲೂ ಒಂದೊಂದು ಟವಲ್ಲು ಇಡುತ್ತಾ ಬಂದು, ಕೊನೆಯದನ್ನು ನನ್ನ ತೊಡೆಯ ಮೇಲಿಟ್ಟು, ಹಿಂದೆ ಹೋಗಿ ಕಂಬಕ್ಕೆ ಒರಗಿ ನಿಂತರು. ಪೂಜೆ ಮುಗಿಯುವವರೆಗೂ ನಿಂತೇ ಇದ್ದರು. ನಾನು ಆಗಲಾದರೂ ಎದ್ದು ಕುರ್ಚಿ ಬಿಡಬಹುದಿತ್ತು. ನೀರು ನನ್ನ ಕಾಲಿನ ಮೇಲೆ ಬೀಳುವಾಗಲೂ ಬಿಡಬಹುದಿತ್ತು. ಲೈವ್ ನಡೀತಿದೆ ಅಂತ ಕೂತಿದ್ದೆ, ಥೂ.

ಶನಿವಾರ ಅವರ ಮನೆಗೆ ಹೋದೆ. ಹಿತ್ತಲಿನ ತಂತಿಯ ಮೇಲೆ ಟವಲ್ಲುಗಳು ಒಣಗುತ್ತಿದ್ದವು. ನನ್ನನ್ನು ಕಂಡವರೇ ಮದಲೇನಮ್ಮ ತಂತಿಯ ಕಡೆ ಕೈ ತೋರಿಸಿದರು.

"ಯಾವ್ದು ನಿಂದು ಗುರ್ತು ಹಿಡಿ ಟೀಚರಮ್ಮ, ನೋಡಾನ."

ತಪ್ಪಾಯಿತು, ಕ್ಷಮಿಸಿಬಿಡಿ ಅಂದೆ. ಅಳುವೂ ಬಂತು. ಅವರಿಗೆ ನನ್ನ ಅಳು ಕಂಡು ಮೈ ಉರಿಯಿತೇ ಹೊರತು ಮನಸ್ಸು ಕರಗಲಿಲ್ಲ.

"ಆಗಾಕಿಲ್ಲ ಕಣಮ್ಮ. ಸಾಮಿ ತಾವ ಪಾಪನಿವೇದನೆ ಮಾಡ್ಕೊ, ದೇವ್ರು ಕ್ಷಮಿಸ್ತಾನೆ, ಅದು ಅವನ್ ಕೆಲ್ಸ. ನಾನು ಜನ್ಮದಾಗೆ ಒಂದ್ ಸಲ ಕಾಲು ತೊಳಿಸ್ಕೊಳಾನ ಅಂತ ಆಸೆ ಇಕ್ಕಂಡು, ಧೂಳಾಗೆ ನಡ್ಕಂಡ್ ಬಂದೋಳು. ನನ್ ಕೈಲಾಗಾಕಿಲ್ಲ."

ಆಮೇಲೂ ಅವರು ಬಟ್ಟೆ ಒಗೆಯುವುದನ್ನು ಬಿಡಲಿಲ್ಲ. ಅದು ಪೀಠದ ಕೆಲಸ, ನಿಮ್ಮದಲ್ಲ ಅಂದರು. ಭಾನುವಾರ ಏಳಕ್ಕೆ ಬಟ್ಟೆ ಬರುತ್ತಿತ್ತು, ಅದೇ ಗಂಜಿ, ಅದೇ ಮಡಿಕೆ. ಪ್ರಸಾದದ ಸಾಲಿನಲ್ಲಿ ಮಾತ್ರ ಅವರ ಬಾಯಿಂದ ಒಂದು ಮಾತೂ ಬರುತ್ತಿರಲಿಲ್ಲ. ಹುಡುಗರು ಜೇಬಿಗೆ ಕೈ ಹಾಕಿಕೊಂಡೇ ಪೀಠದವರೆಗೂ ಹೋಗತೊಡಗಿದರು. ಮದಲೇನಮ್ಮ ಈಗ ಸಾಧುವಾಗಿದ್ದಾರೆ ಅಂತ ಜನ ಮೆಚ್ಚಿಕೊಂಡರು. ಬೈಯುವಷ್ಟು ಸಲಿಗೆಯನ್ನೂ ನಮ್ಮಿಂದ ಕಿತ್ತುಕೊಂಡಿದ್ದಾರೆ ಅಂತ ಒಬ್ಬರಿಗಾದರೂ ಹೊಳೆಯಬೇಕಲ್ಲ!

ಕ್ರಿಸ್ಮಸ್ಸಿಗೆ ಎರಡು ವಾರ ಇರುವಾಗ ಮೂರು ದಿನದ ಜ್ವರದಲ್ಲಿ ಮದಲೇನಮ್ಮ ಹೋಗಿಬಿಟ್ಟರು. ಮಣ್ಣಿನ ದಿನ ದೇವಾಲಯ ತುಂಬಿತ್ತು. ಸಂತೆಯವರು, ಬಸ್ಸಿನವರು, ತುಟಿ ಒರೆಸಿಕೊಂಡ ಹೆಣ್ಣುಮಕ್ಕಳು, ಎಲ್ಲ ಬಂದಿದ್ದರು. ಪ್ರಸಂಗವಾದ ಮೇಲೆ ವಿಶ್ವಾಸಿಗಳ ಪ್ರಾರ್ಥನೆ. ಒಬ್ಬರು ಒಂದೊಂದೇ ಕೋರಿಕೆಯನ್ನು ಓದುವುದು, ಪ್ರತಿಯೊಂದರ ಕೊನೆಗೂ ಜನರೆಲ್ಲ ಕೂಡಿ ‘ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ’ ಅನ್ನುವುದು. ಓದುವವಳು ಎಂದಿನಂತೆ ನಾನು. ಅಂತೋಣಿಯವರು ಟೈಪ್ ಮಾಡಿಸಿದ ಹಾಳೆಯನ್ನು ಕೈಗೆ ಕೊಟ್ಟರು.

ಧರ್ಮಸಭೆಗಾಗಿ ಓದಿದೆ, ರೋಗಿಗಳಿಗಾಗಿ ಓದಿದೆ. ಮೂರನೆಯದು ಹೀಗಿತ್ತು: ‘ದೀನತೆಯೇ ಮೂರ್ತಿವೆತ್ತಂತೆ ಬಾಳಿ, ಯಾರ ಮೇಲೂ ಬೇಸರವಿಟ್ಟುಕೊಳ್ಳದೆ, ಎಲ್ಲರನ್ನೂ ಕ್ಷಮಿಸಿ ಅಗಲಿದ ನಮ್ಮ ಸಹೋದರಿಯಂತೆ ನಾವೂ ಬಾಳಲು...’

ಕಣ್ಣಿಗೆ ಬಿದ್ದ ಕೂಡಲೇ ನನಗೆ ಮೈಯೆಲ್ಲ ಬೆಂಕಿ ಹತ್ತಿತು. ಬದುಕಿದ್ದಾಗ ಕುರ್ಚಿ ಕಿತ್ತುಕೊಂಡೆವು, ಸತ್ತ ಮೇಲೆ ಸಿಟ್ಟನ್ನೂ ಕಿತ್ತುಕೊಳ್ಳುತ್ತಿದ್ದೇವೆ. ಹಾಳೆಯನ್ನು ಮಡಿಸಿ ಪುಸ್ತಕದ ಕೆಳಗಿಟ್ಟೆ. ಮೈಕಿನಲ್ಲಿ ಹೇಳಿದೆ:

"ಮದಲೇನಮ್ಮ ನಮ್ಮನ್ನು ಕ್ಷಮಿಸಿಲ್ಲ. ನಾನು ಮನೆಗೆ ಹೋಗಿ ಕೇಳಿದ್ದೆ, ಆಗೋದಿಲ್ಲ ಅಂದರು. ಕಾಲು ತೊಳೆಸಿಕೊಳ್ಳೋಕೆ ಕರೆದು, ಅವರ ಕುರ್ಚಿಯಲ್ಲಿ ನನ್ನನ್ನ ಕೂರಿಸಿದ್ರಿ. ನಾನೂ ಕೂತೆ. ಅವರು ಸಿಟ್ಟಿನಲ್ಲೇ ಹೋಗಿದ್ದಾರೆ."

ಅಷ್ಟು ಹೇಳಿ ನಿಂತುಬಿಟ್ಟೆ. ಓದುವವಳು ನಿಂತಳು ಅಂದರೆ ಕೋರಿಕೆ ಮುಗಿಯಿತು ಅಂತ ಲೆಕ್ಕ. ಇಡೀ ದೇವಾಲಯ ಒಂದೇ ದನಿಯಲ್ಲಿ, ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ ಅಂದಿತು. ಅಂತೋಣಿಯವರ ದನಿ ಎಲ್ಲರಿಗಿಂತ ಜೋರಾಗಿತ್ತು.