ಮೂವತ್ತೊಂದನೆಯ ಕಂತು

ಮೂವತ್ತು ಕಂತುಗಳ ಎಡ ಅಂಚಿನಲ್ಲಿ ಮೂರು ಮೂರು ತೂತುಗಳಿವೆ. ಮೂವತ್ತೊಂದನೆಯದರಲ್ಲಿ ಒಂದೂ ಇಲ್ಲ. ಅಳತೆಪಟ್ಟಿ ಇಟ್ಟು, ಎರಡೆರಡು ಅಂಗುಲಕ್ಕೆ ಪೆನ್ಸಿಲಿನಿಂದ ಗುರುತು ಮಾಡಿ, ದಬ್ಬಳದಿಂದ ನಾನೇ ಚುಚ್ಚಿದ ತೂತುಗಳು ಅವು. ವಾರಪತ್ರಿಕೆ ತರಿಸುವ ಮನೆಯವರಾದರೆ ಈ ಕೆಲಸ ನಿಮಗೂ ಗೊತ್ತಿರುತ್ತದೆ: ಧಾರಾವಾಹಿಯ ಹಾಳೆಗಳನ್ನಷ್ಟೇ ಬಿಡಿಸಿಕೊಂಡು, ಅವುಗಳ ಹಿಂಬದಿಗೆ ಅಂಟಿಕೊಂಡೇ ಬರುವ ಅರ್ಧ ಅಡುಗೆ ವಿಧಾನವನ್ನೂ ತಲೆಗೂದಲ ಎಣ್ಣೆಯ ಜಾಹೀರಾತನ್ನೂ ಸಹಿಸಿಕೊಂಡು, ವಾರವಾರ ಕೂಡಿಟ್ಟು, ಕಾದಂಬರಿ ಮುಗಿದ ಮೇಲೆ ದಾರ ಪೋಣಿಸಿ ರಟ್ಟು ಹಾಕಿದರೆ ಮನೆಗೊಂದು ಪುಸ್ತಕವಾಗುತ್ತದೆ. ಈ ಕಾದಂಬರಿಯನ್ನು ಅಷ್ಟು ಶ್ರದ್ಧೆಯಿಂದ ಕೂಡಿಟ್ಟವರು ಶಿವಮೊಗ್ಗದಲ್ಲಿ ನಾನೊಬ್ಬಳೇ ಅಲ್ಲ. ನಮ್ಮ ಹೈಸ್ಕೂಲಿನ ಟೀಚರುಗಳ ಕೋಣೆಯಲ್ಲಿ ಸೋಮವಾರದ ಮೊದಲ ಮಾತೇ ಅದು. ಹೆಣ್ಣಿನ ಅಂತರಂಗವನ್ನು ಇಷ್ಟು ಬಲ್ಲವರು ಇನ್ನೊಬ್ಬರಿಲ್ಲ ಎಂದು ಓದುಗರು ಲೇಖಕರಿಗೆ ಬರೆದ ಪತ್ರಗಳು ಪ್ರತಿ ಸಂಚಿಕೆಯಲ್ಲೂ ಅಚ್ಚಾಗುತ್ತಿದ್ದವು.

ಕಥೆಯ ನಾಯಕಿ ವಸುಮತಿ. ಗಂಡನ ಮನೆಯಲ್ಲಿ ಎಂಟು ವರ್ಷ ಮಾತು ನುಂಗಿಕೊಂಡು, ಒಂದು ಬೆಳಿಗ್ಗೆ ಕಾಫಿ ಸೋಸಿಟ್ಟು, ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡು ಹೊರಟುಬಿಟ್ಟವಳು. ದೂರದ ಊರಿನ ಶಾಲೆಯಲ್ಲಿ ಮೇಡಂ ಆಗಿ, ಒಂಟಿ ಕೋಣೆ ಹಿಡಿದು, ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂದು ತಿಳಿಯದೆ ಮೊದಲ ದಿನ ಮೂವರಿಗಾಗುವಷ್ಟು ಅನ್ನ ಮಾಡಿಕೊಂಡು ಕೂತವಳು. ಆ ಕಂತನ್ನು ನಾನು ಎರಡು ಸಲ ಓದಿದೆ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದು ದುರ್ಗಿಗುಡಿಯ ಮಹಡಿ ಕೋಣೆಯಲ್ಲಿ ನಾನೂ ಮೊದಲ ದಿನ ಮಾಡಿಕೊಂಡದ್ದು ಮೂವರ ಅನ್ನವೇ.

ಗಂಡನ ಪಾತ್ರದ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನವಿತ್ತು. ಮೂವತ್ತು ವಾರಗಳಲ್ಲಿ ಅವನು ಮಾಡಿದ್ದೆಂದರೆ ಕೆಮ್ಮಿದ್ದು, ಅಂಗಿಯ ಗುಂಡಿ ಹುಡುಕಿದ್ದು, ತಾಯಿಯ ಮುಖ ನೋಡಿದ್ದು. ಗೂಟಕ್ಕೆ ನೇತುಹಾಕಿದ ಕೋಟಿಗೂ ಅವನಿಗೂ ಇದ್ದ ವ್ಯತ್ಯಾಸ ಆ ಕೆಮ್ಮು ಒಂದೇ. ಆದರೂ ನಾಯಕಿಯನ್ನು ಇಷ್ಟು ಗಟ್ಟಿಯಾಗಿ ಕಡೆದ ಕೈ ಅವಳನ್ನು ಬೀಳಗೊಡಲಾರದು ಎಂದು ನಂಬಿದ್ದೆ. ನಂಬಿಕೆಯೂ ಓದುಗರ ಒಂದು ದೌರ್ಬಲ್ಯವೇ.

ಭದ್ರಾವತಿಗೆ ಪತ್ರಿಕೆ ತಡವಾಗಿ ಬರುತ್ತಿತ್ತು. ಹಾಗಾಗಿ ಶನಿವಾರ ಸಂಜೆ ಇಲ್ಲಿ ಕೊಂಡದ್ದನ್ನು ಭಾನುವಾರದ ರೈಲಿನಲ್ಲಿ ಅಕ್ಕನ ಮನೆಗೆ ಒಯ್ಯುತ್ತಿದ್ದೆ. ಭಾವನಿಗೆ ಕಾರ್ಖಾನೆಯಲ್ಲಿ ಕೆಲಸ, ಕ್ವಾರ್ಟರ್ಸಿನಲ್ಲಿ ವಾಸ. ಮಧ್ಯಾಹ್ನದ ಊಟವಾಗಿ, ಸೈರನ್ ಕೂಗಿ, ಗಂಡಸರು ಮಲಗಿಯೋ ಪಾಳಿಗೆ ಹೋಗಿಯೋ ಆದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ ನಾನು ಗಟ್ಟಿಯಾಗಿ ಓದಬೇಕು. ಕೇಳುವವರು ಅಕ್ಕ, ಅಕ್ಕನ ಅತ್ತೆ ಪಾರ್ವತಮ್ಮ, ಪಕ್ಕದ ಮನೆಯ ಕನಕಮ್ಮ. ಅಕ್ಕ ಎಸ್‌.ಎಸ್‌.ಎಲ್‌.ಸಿ. ಮಾಡಿದವಳು, ಉಳಿದಿಬ್ಬರಿಗೂ ಅಕ್ಷರ ಬಾರದು. ಅವರಿಗೆ ವಸುಮತಿಯೆಂದರೆ ಮೂರನೆಯ ಸಾಲಿನ ಕ್ವಾರ್ಟರ್ಸಿನ ಒಬ್ಬ ಸೊಸೆ ಇದ್ದ ಹಾಗೆ. ವಾರದ ನಡುವೆ ಅವಳಿಗಾಗಿ ಚಿಂತಿಸುತ್ತಿದ್ದರು, ಅವಳ ಅತ್ತೆಯನ್ನು ಬೈಯುತ್ತಿದ್ದರು. ಬೈಯುವುದರಲ್ಲಿ ಪಾರ್ವತಮ್ಮನವರೇ ಮುಂದೆ.

ಅಕ್ಕನಿಗೆ ಟೀಚರ್ಸ್ ಟ್ರೈನಿಂಗಿಗೆ ಸೇರಬೇಕೆಂಬ ಆಸೆ ಮದುವೆಗಿಂತ ಹಳೆಯದು. ಶಿವಮೊಗ್ಗದಲ್ಲಿ ಎರಡು ವರ್ಷ ನನ್ನ ಕೋಣೆಯಲ್ಲಿದ್ದು, ಶನಿವಾರ ಊರಿಗೆ ಹೋಗಿ ಬರಬಹುದಿತ್ತು. ಐದು ವರ್ಷದ ಮಗಳನ್ನು ನೋಡಿಕೊಳ್ಳುವವರು ಯಾರು ಎನ್ನುವಲ್ಲಿಗೆ ಮಾತು ಪ್ರತಿ ಸಲ ನಿಲ್ಲುತ್ತಿತ್ತು. ಅಮ್ಮ ಒಪ್ಪಿದರೆ ತನ್ನದೇನಿಲ್ಲ ಎಂದು ಭಾವ ಹೇಳುತ್ತಿದ್ದರು. ಬೇರೆ ಯಾವ ವಿಷಯಕ್ಕೂ ಅವರು ಇದನ್ನೇ ಹೇಳುತ್ತಿದ್ದರು. ಇಪ್ಪತ್ತಾರನೆಯ ಕಂತಿನಲ್ಲಿ ವಸುಮತಿ ತನ್ನ ತರಗತಿಯ ಹುಡುಗಿಯರಿಂದ ಹೂವು ಪಡೆದ ಮಧ್ಯಾಹ್ನ, ನಾನು ಹಾಳೆ ಮಡಿಸುತ್ತಿದ್ದಾಗ, ಪಾರ್ವತಮ್ಮ ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅಂದರು: "ಅವಳು ಯಾರೂ ಇಲ್ದಿರೋ ಊರಲ್ಲಿ ಬೇಯಿಸ್ಕೊಂಡು ತಿಂತಾಳೆ. ಇವಳಿಗೆ ತಂಗಿ ಮನೆ ಇದೆ. ಹೋಗ್ಲಿ ಬಿಡು ಮಾರಾಯ್ತಿ, ಮಗೂನ ನಾನು ನೋಡ್ಕೋತೀನಿ."

ಅಕ್ಕ ಎದ್ದು ಒಳಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಬಂತು. ತೊಳೆಯಲು ಪಾತ್ರೆ ಇರಲಿಲ್ಲವೆಂದು ನನಗೆ ಗೊತ್ತಿತ್ತು. ಮುಂದಿನ ವಾರ ನಾನು ಅರ್ಜಿ ಫಾರಂ ತಂದುಕೊಟ್ಟೆ. ಅದನ್ನು ತುಂಬಿ, ಭಾವನ ರುಜುವಿಗೆ ಒಳ್ಳೆಯ ದಿನ ನೋಡೋಣವೆಂದು, ಅಕ್ಕ ಪಂಚಾಂಗದ ನಡುವೆ ಇಟ್ಟಳು.

ಇನ್ನು ಮೂವತ್ತೊಂದನೆಯ ಕಂತು. ಅದನ್ನು ನಾನು ರೈಲಿನಲ್ಲೇ ಓದಿ ಮುಗಿಸಿದ್ದೆ. ಗಂಡನಿಗೆ ಜ್ವರ ಬರುತ್ತದೆ. ನಮ್ಮ ಕಾದಂಬರಿಗಳಲ್ಲಿ ಜ್ವರವೆಂಬುದು ಲೇಖಕರ ಮನೆಯಾಳು. ಕರೆದಾಗ ಬರುತ್ತದೆ, ಹೇಳಿದಷ್ಟು ಮಾಡುತ್ತದೆ, ಕೆಲಸ ಮುಗಿದೊಡನೆ ಹಿತ್ತಲ ಬಾಗಿಲಿನಿಂದ ಹೊರಟುಹೋಗುತ್ತದೆ. ತಂತಿ ತಲುಪಿದೊಡನೆ ವಸುಮತಿ ಪಾಠವನ್ನು ನಡುವಿಗೇ ಬಿಟ್ಟು ಓಡುತ್ತಾಳೆ, ಅವನ ಕಾಲ ಬಳಿ ಕುಳಿತು ತಪ್ಪೆಲ್ಲ ತನ್ನದೇ ಎನ್ನುತ್ತಾಳೆ, ರಾಜೀನಾಮೆ ಬರೆಯುತ್ತಾಳೆ. ಅವನು ಕಣ್ಣು ತೆರೆದು ನಗುತ್ತಾನೆ. ಶುಭಂ. ಮೂವತ್ತು ವಾರ ಕಟ್ಟಿದ ಗೋಡೆಯನ್ನು ಒಂದೂವರೆ ಪುಟದಲ್ಲಿ ಕೆಡವಿ, ಆ ಮಣ್ಣಿನ ರಾಶಿಯ ಮೇಲೊಂದು ದೀಪ ಹಚ್ಚಿಟ್ಟ ಹಾಗಿತ್ತು. ಲೇಖಕರಿಗೆ ದಣಿವಾಗಿತ್ತೋ, ಸಂಪಾದಕರಿಗೆ ಭಯವಾಗಿತ್ತೋ, ಅಥವಾ ಬರೆದವರಿಗೇ ಮೊದಲಿನಿಂದಲೂ ಬೇಕಾಗಿದ್ದದ್ದು ಇಂಥ ಒಂದು ಸೊಗಸಾದ ಶರಣಾಗತಿಯೇ ಇದ್ದು, ಅದು ಬೆಲೆಬಾಳಲೆಂದೇ ಅವಳಿಗೆ ಅಷ್ಟು ಬೆನ್ನುಮೂಳೆ ಕೊಟ್ಟಿದ್ದರೋ ನನಗೆ ತಿಳಿಯದು. ಕೊನೆಯದೇ ನಿಜವೆಂದು ನನ್ನ ಅನುಮಾನ.

ರೈಲಿಳಿದು ಕ್ವಾರ್ಟರ್ಸಿನ ತನಕ ನಡೆಯುವಾಗ ನನಗೆ ಒಂದು ಯೋಚನೆ ಬಂದದ್ದು ನಿಜ. ಕೇಳುವ ಇಬ್ಬರಿಗೆ ಓದು ಬಾರದು. ಅಕ್ಕನಿಗೆ ಬಂದರೂ ಅವಳು ಬಾಯಿ ಬಿಡುವವಳಲ್ಲ. ತಂತಿಯ ಸಾಲನ್ನು ಬಿಟ್ಟು, ತರಗತಿಯಲ್ಲೇ ಕಥೆಯನ್ನು ನಿಲ್ಲಿಸಿ, ಮುಗಿಯಿತು ಎಂದಿದ್ದರೆ ಸಾಕಿತ್ತು. ಆದರೆ ಅಚ್ಚಾದದ್ದನ್ನು ಅಚ್ಚಾದಂತೆ ಓದುವುದು ಧರ್ಮವೆಂದು ನನಗೆ ನಾನೇ ಹೇಳಿಕೊಂಡೆ. ಅಕ್ಷರ ತಪ್ಪದಂತೆ, ಶುಭಂ ಸಹಿತ ಓದಿದೆ.

ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಆಮೇಲೆ ಕನಕಮ್ಮ, ಸೇಲಂ ಕಡೆಯಿಂದ ಬಂದು ಹತ್ತು ವರ್ಷದಲ್ಲಿ ಕನ್ನಡ ಕಲಿತವರು, ಮಡಿಲಿನ ಕಡಲೆಸಿಪ್ಪೆ ಕೊಡವಿ ಕೇಳಿದರು: "ಅವನಿಗೆ ಜ್ವರ ಬಂದ್ರೆ ಆ ಊರಲ್ಲಿ ಡಾಕ್ಟ್ರು ಇಲ್ವಾ? ಹೆಂಡ್ತೀನೇ ಔಷಧಾನಾ?" ಆ ಕಾದಂಬರಿಯ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ.

ಪಾರ್ವತಮ್ಮ ನಗಲಿಲ್ಲ. "ಕೊನೆಗೆ ಅವಳೇ ವಾಪಸ್ ಬಂದ್ಲಲ್ಲ" ಎಂದರು, ಮೋಸಹೋದವರ ದನಿಯಲ್ಲಿ. ಮತ್ತೆ ನನ್ನತ್ತ ತಿರುಗಿ, "ನೀನು ಓದಿದೋಳು, ಹೇಳು. ಅವಳು ಮಾಡಿದ್ದು ಸರಿನಾ?"

ಅವರು ನಿಜವಾಗಿ ಕೇಳಿದರು. ನಾನು ಹಾಳೆಯ ಅಂಚನ್ನು ನೇರ ಮಾಡುತ್ತ, "ಕತೇಲಿ ಹಾಗಿದೆ ಅತ್ತೆ" ಎಂದೆ.

ಅವರು ತಲೆಯಾಡಿಸಿ, ಹಾಗಾದರೆ ಈ ವರ್ಷ ಬೇಡ, ಮಗು ಇನ್ನೂ ಸಣ್ಣದು, ಮುಂದೆ ನೋಡೋಣ ಎಂದರು. ಅರ್ಜಿಗೆ ಶುಕ್ರವಾರ ಕಡೆಯ ದಿನವಾಗಿತ್ತು.

ಅಕ್ಕ ನನ್ನನ್ನು ಗೇಟಿನ ತನಕ ಕಳಿಸಲು ಬಂದಳು. "ರೈಲಲ್ಲೇ ಓದಿದ್ದೆ, ಅಲ್ವಾ?"

"ಹೂಂ. ಇದ್ದದ್ದನ್ನ ಇದ್ದ ಹಾಗೆ ಓದ್ದೆ."

"ಒಂಬತ್ತನೇ ಕಂತಲ್ಲಿ ಅರ್ಧ ಕಾಲಂ ಹಾರಿಸಿದ್ಯಲ್ಲ," ಅಂದಳು ಅಕ್ಕ. "ನಾನು ಆಮೇಲೆ ಓದ್ಕೊಂಡೆ."

ಗಂಡ ಹೆಂಡಿರ ಏಕಾಂತದ ಒಂದು ವರ್ಣನೆ ಅದು. ಹಿರಿಯರೆದುರು ಓದಲು ನಾಚಿಕೊಂಡು, ದನಿ ಬದಲಿಸದೆ ದಾಟಿಸಿಬಿಟ್ಟಿದ್ದೆ. ನನ್ನ ಸಂಕೋಚಕ್ಕಾಗಿ ಅರ್ಧ ಕಾಲಂ ಬಿಟ್ಟವಳು ಅಕ್ಕನಿಗಾಗಿ ಒಂದೂವರೆ ಪುಟ ಬಿಡಲಾರದೆ ಹೋದೆ; ಅದಕ್ಕೆ ಧರ್ಮವೆಂಬ ಹೆಸರನ್ನೂ ಕೊಟ್ಟೆ. ರೈಲಿನಲ್ಲಿ ಹಿಂದಿರುಗುವಾಗ ಲೇಖಕರ ಮೇಲಿನ ನನ್ನ ಸಿಟ್ಟು ಅರ್ಧ ದಾರಿಯಲ್ಲೇ ಇಳಿದುಹೋಯಿತು. ಅವರು ಯಾರೋ, ಎಲ್ಲಿಯವರೋ. ಪಂಚಾಂಗದ ನಡುವಿನ ಫಾರಂ ಅವರಿಗೆ ತಿಳಿಯದು. ತಿಳಿದವಳು ನಾನು. ಗೋಡೆಯ ಗೂಟಕ್ಕೆ ಕೋಟಿನಂತೆ ನೇತುಬಿದ್ದವಳೂ ನಾನು, ಕೆಮ್ಮಲೂ ಇಲ್ಲ.

ಮರುದಿನ ಬೆಳಿಗ್ಗೆ ಬೇಗ ಎದ್ದು, ಕಾದಂಬರಿಯ ಮುಕ್ತಾಯವನ್ನು ಖಂಡಿಸಿ ಸಂಪಾದಕರಿಗೆ ಎರಡು ಹಾಳೆ ಪತ್ರ ಬರೆದೆ. ಓದಿ ನೋಡಿದರೆ ಪ್ರತಿ ವಾಕ್ಯವೂ ಸರಿಯಾಗಿತ್ತು, ಯಾರಿಗೂ ಬೇಕಾಗಿರಲಿಲ್ಲ. ಅದನ್ನು ಒಲೆಗೆ ಹಾಕಿ ನೀರು ಕಾಯಿಸಿಕೊಂಡೆ. ಆಮೇಲೆ ಒಂದು ಇನ್‌ಲ್ಯಾಂಡ್ ಕಾಗದ ತೆಗೆದು ಪಾರ್ವತಮ್ಮನವರ ಹೆಸರಿಗೆ ಬರೆದೆ: ನಿನ್ನೆ ನೀವು ಕೇಳಿದಿರಿ, ನಾನು ಹೇಳಲಿಲ್ಲ. ಅವಳು ಮಾಡಿದ್ದು ಸರಿಯಲ್ಲ. ಅಕ್ಕನನ್ನು ಕಳಿಸಿಕೊಡಿ, ಶುಕ್ರವಾರದೊಳಗೆ. ಇಷ್ಟೇ. ಅದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಬೇಕಾದವಳು ಅಕ್ಕನೇ ಎಂಬುದು ಅಂಟು ಹಚ್ಚುವಾಗ ಹೊಳೆಯಿತು. ಅವಳು ಇದ್ದದ್ದನ್ನು ಇದ್ದ ಹಾಗೆ ಓದುತ್ತಾಳೋ, ನನ್ನಿಂದ ಕಲಿತು ಅರ್ಧ ಹಾರಿಸುತ್ತಾಳೋ, ಅದು ಅವಳಿಗೆ ಬಿಟ್ಟದ್ದು.

ಮೂವತ್ತು ಕಂತುಗಳಿಗೆ ದಾರ ಪೋಣಿಸಿ ಗಂಟು ಹಾಕಿದೆ. ಉಳಿದ ಒಂದನ್ನು ಹರಿಯಲಿಲ್ಲ. ತೂತು ಹಾಕದೆ ರಟ್ಟಿನ ಕೆಳಗಿಟ್ಟೆ. ದುರ್ಗಿಗುಡಿಯ ತಿರುವಿನ ಅಂಚೆಡಬ್ಬಿಯಲ್ಲಿ ಕಾಗದವನ್ನು ಬಿಟ್ಟು, ಅದು ತಳಕ್ಕೆ ಬಿದ್ದ ಸದ್ದು ಕೇಳಿಸಿದ ಮೇಲೆ ಶಾಲೆಗೆ ಹೋದೆ.