ಮುರಿದ ಕುರ್ಚಿಗೂ ನೀರಿನ ಪೊಟ್ಟಣಕ್ಕೂ ನಂಟು

ಇಬಾದಾನ್ ಪಟ್ಟಣದ ಬೆರೆ ಬಡಾವಣೆಯಲ್ಲಿ ಇಯಾ ತಿನುಕೆಯ, ಅಂದರೆ ತಿನುಕೆಯ ಅಮ್ಮನ, ಅಮಾಲಾ ಅಂಗಡಿ ಗೊತ್ತಿಲ್ಲದವರಿಲ್ಲ. ಒಣಗೆಡ್ಡೆ ಹಿಟ್ಟಿನ ಆ ಕಪ್ಪು ಮುದ್ದೆಯನ್ನು ಆಕೆ ತೊಳಸುವ ರಭಸ ನೋಡಿಯೇ ಅರ್ಧ ಹೊಟ್ಟೆ ತುಂಬುತ್ತಿತ್ತು. ಗಂಟು ಕಟ್ಟಿದರೆ ಅದು ಹಿಟ್ಟಿನ ತಪ್ಪಲ್ಲ, ರಟ್ಟೆಯ ಸೋಮಾರಿತನ ಎಂಬುದು ಆಕೆಯ ಸಿದ್ಧಾಂತ. ಆ ಸಿದ್ಧಾಂತವೇ ಕೊನೆಗೆ ಕೆಡವಿತು, ಆಕೆಯನ್ನಲ್ಲ, ಬೀಗಿತ್ತಿಯನ್ನು.

ಗಂಡ ಲಾಸುನ್ ಔತಣಗಳಿಗೆ ಪ್ಲಾಸ್ಟಿಕ್ ಕುರ್ಚಿ ಬಾಡಿಗೆಗೆ ಕೊಡುತ್ತಿದ್ದ. ಅವನು ತೀರಿಕೊಂಡ ಮೇಲೆ ಹಿತ್ತಲಲ್ಲಿ ಉಳಿದದ್ದು ಮುರಿದ ಕುರ್ಚಿಗಳ ರಾಶಿ. ಎಸೆಯಲು ಮನಸ್ಸು ಬರಲಿಲ್ಲ. ಮಗಳು ತಿನುಕೆಯ ನಿಶ್ಚಿತಾರ್ಥದಲ್ಲಿ ಬೀಗರು ಅವನ ಕುರ್ಚಿಯ ಮೇಲೇ ಕೂರಬೇಕೆಂದು ಆಕೆ ಹಟ ಹಿಡಿದಳು. ಹಳೆ ಪ್ಲಾಸ್ಟಿಕ್ ಕರಗಿಸುವ ಪಕ್ಕದ ಶೆಡ್ಡಿಗೆ ಚೂರುಗಳನ್ನು ಹೊತ್ತೊಯ್ದಳು. ಅವು ಸಾಲದಾದಾಗ ಅಂಗಡಿಯ ಗಿರಾಕಿಗಳು ಕುಡಿದೆಸೆದ ನೀರಿನ ಪೊಟ್ಟಣಗಳನ್ನೂ ತೊಳೆದು ಸುರಿದಳು. ಎರಡೂ ಪ್ಲಾಸ್ಟಿಕ್ಕೇ ತಾನೆ? ಕರಗಿಸಿ ಕಲಸಿ, ಅಗಲವಾದ ಸ್ಟೂಲು ಎರಕ ಹೊಯ್ದಳು.

ಎರಡು ಮನೆಯವರ ಮೊದಲ ಭೇಟಿಯ ದಿನ ಹುಡುಗನ ತಾಯಿ, ಹಜ್ ಮಾಡಿಬಂದ ಅಲ್ಹಾಜಾ ರಫಿಯಾತು, ಮೈಕೈ ತುಂಬಿಕೊಂಡ ಹೆಂಗಸು, ಅದರ ಮೇಲೆ ಕೂತರು. ಸ್ಟೂಲು ಪಟ್ಟೆಂದಿತು. ನಿಶ್ಚಿತಾರ್ಥಕ್ಕೆ ಬರುತ್ತೇನೆ, ಆದರೆ ಈ ಮನೆಯಲ್ಲಿ ನಿಂತೇ ಇರುತ್ತೇನೆ ಎಂದು ಸೊಂಟ ಹಿಡಿದುಕೊಂಡು ಹೇಳಿಹೋದರು.

ಬಾಡಿಗೆ ಕುರ್ಚಿ ತರಿಸು ಎಂದು ತಿನುಕೆ ಅಂಗಲಾಚಿದಳು. ತಾಯಿ ಕೇಳಬೇಕಲ್ಲ! ಇನ್ನೂ ಬಿಸಿ ಮಾಡಿಸಿದಳು, ಇನ್ನೂ ಜೋರಾಗಿ ಕಲಸಿದಳು. ಮತ್ತೆ ಮುರಿಯಿತು, ಒಳಗೆ ಈರುಳ್ಳಿಯಂತೆ ಪದರ ಪದರ.

ಪ್ಲಾಸ್ಟಿಕ್ಕಿಗೆ ಬೆರೆಸುವ ಬಣ್ಣದ ಕಾಳುಗಳನ್ನು ಶೆಡ್ಡಿಗೆ ಮಾರಲು ಬರುವ ಓಯೆಲಾಮಿ ಆ ಚೂರನ್ನು ಉಗುರಿನಿಂದ ಸುಲಿದು ನಕ್ಕ.

"ಅಕ್ಕಾ, ಎಷ್ಟು ತಿರುವಿದ್ರೂ ಇವೆರಡೂ ಎಣ್ಣೆ ನೀರಿದ್ದ ಹಾಗೆ. ಒಂದೇ ಪಾತ್ರೇಲಿರ್ತವೆ, ಒಂದಕ್ಕೊಂದು ಅಂಟಲ್ಲ."

ಅವನು ಒಂದು ಚೀಲ ಬಿಳಿ ಕಾಳು ತಂದುಕೊಟ್ಟ. ಕರಗಿದಾಗ ಅದರ ಒಂದು ಕೈ ಕುರ್ಚಿಯ ಪ್ಲಾಸ್ಟಿಕ್ಕನ್ನು ಹಿಡಿಯುತ್ತದೆ, ಇನ್ನೊಂದು ಪೊಟ್ಟಣದ್ದನ್ನು. ಬೆರೆಯದೆ ಉಳಿದ ಪ್ಲಾಸ್ಟಿಕ್ಕಿನ ದಪ್ಪ ದಪ್ಪ ಹನಿಗಳು ಸಣ್ಣದಾಗಿ ಹರಡಿ, ಮತ್ತೆ ಗುಂಪುಗೂಡದೆ ನಿಲ್ಲುತ್ತವೆ. ಭಾರ ಬಿದ್ದರೆ ಒಂದು ಅದನ್ನು ಇನ್ನೊಂದಕ್ಕೆ ದಾಟಿಸುತ್ತದೆ ಎಂದು ವಿವರಿಸಿದ.

"ಗಂಡು ಹೆಣ್ಣು ಕೂಡಿಸೋಳು ಅನ್ನು," ಎಂದಳು ಇಯಾ ತಿನುಕೆ. "ಮದುವೆ ಆದ್ಮೇಲೆ ನಾವು ಅವಳನ್ನ ಮನೆಗೆ ಕಳಿಸ್ತೀವಪ್ಪ."

"ಇವಳು ಹೋಗಲ್ಲಕ್ಕ. ಹೋದ್ರೆ ಸಂಸಾರ ಒಡೀತದೆ."

ಇಯಾ ತಿನುಕೆಯ ಕೈ ಧಾರಾಳದ್ದು. ಸಾರಿಗೆ ಮೆಣಸು ಹಾಕಿದ ಹಾಗೆ ಬಿಳಿ ಕಾಳು ಸುರಿದುಬಿಟ್ಟಳು. ಆ ಸ್ಟೂಲು ಮುರಿಯಲಿಲ್ಲ ನಿಜ, ಆದರೆ ಕಾಲು ಮಡಚಿ ತಿನುಕೆಯನ್ನು ಮೆಲ್ಲಗೆ ನೆಲಕ್ಕಿಳಿಸಿತು. ತಾಯಿ ಮಗಳು ಬಿದ್ದು ಬಿದ್ದು ನಕ್ಕರು. ಅತಿಯಾದರೆ ಅಮೃತವೂ ವಿಷ. ಮುಂದಿನ ಸಲ ಓಯೆಲಾಮಿ ಹೇಳಿದ ಅಳತೆಗೇ ಹಾಕಿದಳು. ಹೊಸ ಸ್ಟೂಲನ್ನು ಒನಕೆಯಿಂದ ಬಡಿದರೆ ಸದ್ದು ಬಂತೇ ಹೊರತು ಬಿರುಕು ಬರಲಿಲ್ಲ.

ನಿಶ್ಚಿತಾರ್ಥದ ದಿನ ಹುಡುಗನೂ ಗೆಳೆಯರೂ ವಾಡಿಕೆಯಂತೆ ಹೆಣ್ಣಿನ ಕಡೆಯವರಿಗೆ ನೆಲಕ್ಕೆ ಮೈಚಾಚಿ ಅಡ್ಡಬಿದ್ದರು, ಡೋಲು ಮೊಳಗಿತು. ಅಲ್ಹಾಜಾ ಮಾತ್ರ ಹೇಳಿದ ಮಾತಿಗೆ ತಪ್ಪದೆ ನಿಂತೇ ಇದ್ದರು. ಇಯಾ ತಿನುಕೆ ಸ್ಟೂಲನ್ನು ಅವರ ಮುಂದಿಟ್ಟು ಮಂಡಿಯೂರಿದಳು. ಡೋಲಿನವನ ಕೈಯೂ ನಿಂತಿತು. ಅಲ್ಹಾಜಾ ಕಾಲಿನಿಂದ ಒತ್ತಿ ನೋಡಿದರು, ಮಗನ ಭುಜ ಹಿಡಿದರು, ಕೂತರು. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಡೋಲು ಮತ್ತೆ ಶುರುವಾದಾಗ ಕೂತಲ್ಲೇ ಕುಣಿದರು. ಚಪ್ಪರವೆಲ್ಲ ನಗು.

"ಯಾರು ಮಾಡಿದ್ದು ಇದನ್ನ?" ಎಂದು ಕೇಳಿದರು.

ನಾನೇ ಎನ್ನಲು ಹೊರಟ ಇಯಾ ತಿನುಕೆ ಸ್ಟೂಲಿನ ಕಾಲು ಸವರಿದಳು. "ಕುರ್ಚಿ ತಿನುಕೆ ಅಪ್ಪಂದು. ನೀರಿನ ಪೊಟ್ಟಣ ನಂದು."

ಅಲ್ಹಾಜಾ ಪಕ್ಕಕ್ಕೆ ಸರಿದು ಸ್ಟೂಲಿನ ಅಂಚು ತಟ್ಟಿದರು.

"ಬನ್ನಿ ಬೀಗಿತ್ತಿ, ನೀವೂ ಕೂತ್ಕೊಳ್ಳಿ. ಇಬ್ಬರನ್ನೂ ತಡ್ಕೊಳ್ಳುತ್ತಾ ನೋಡೇಬಿಡೋಣ."

ಇಬ್ಬರೂ ಕೂತರು. ಊಟದ ಕರೆ ಬರುವವರೆಗೂ ಏಳಲಿಲ್ಲ.