ಡ್ರಾಯಿಂಗ್ ಮೇಡಂ ಮಗಳು

ಹೊಸದಾಗಿ ಇಂಜಿನಿಯರಿಂಗ್ ಸೇರಿದವರಿಗೆ ಹೇಗೆ ಓದಬೇಕೆಂದು ಹೇಳುವ ಕೆಲಸ ಆ ಕಾಲೇಜಿನಲ್ಲಿ ಪ್ರತಿವರ್ಷವೂ ಡ್ರಾಯಿಂಗ್ ಮೇಡಂ ಪಾಲಿಗೇ ಬರುತ್ತಿತ್ತು.

"ಅವತ್ತಿನ ಪಾಠ ಅವತ್ತೇ ಓದಿ. ಪಕ್ಕದವರ ಶೀಟು ನೋಡಿ ಗೀಚಬೇಡಿ. ಅರ್ಥ ಆಗ್ಲಿಲ್ವಾ, ನಾಚಿಕೊಳ್ಳದೆ ಬಂದು ಕೇಳಿ."

ಸೀನಿಯರ್ ಹುಡುಗರು ಹಾಸ್ಟೆಲಿನಲ್ಲಿ ಅವರ ದನಿಯಲ್ಲೇ ಇದನ್ನು ಒಪ್ಪಿಸಿ ನಗುತ್ತಿದ್ದರು. ಮೇಡಂಗೆ ಅದು ಗೊತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು.

ಆ ವರ್ಷ ಸಭಾಂಗಣದಲ್ಲಿ ಕೂತವರಲ್ಲಿ ಅವರ ಮಗಳೂ ಇದ್ದಳು. ಯಾರ ಬಲವಂತವೂ ಇರಲಿಲ್ಲ; ಸೇತುವೆ ಕಟ್ಟಬೇಕೆಂಬುದು ಚಿಕ್ಕಂದಿನಿಂದ ಅವಳದೇ ಹಟ.

ತೊಡಕಾದದ್ದು ಅಮ್ಮ ಕಲಿಸುವ ವಿಷಯದಲ್ಲೇ. ಒಂದು ವಸ್ತುವನ್ನು ಮೇಲಿನಿಂದ, ಎದುರಿನಿಂದ, ಪಕ್ಕದಿಂದ ನೋಡಿ ಬರೆದ ಮೂರು ಚಿತ್ರ ಕೊಟ್ಟರೆ ಇಡೀ ವಸ್ತು ಕಣ್ಣಿಗೆ ಕಟ್ಟಬೇಕು. ಅವಳಿಗೆ ಬರೀ ಗೆರೆಗಳೇ ಕಾಣುತ್ತಿದ್ದವು. ಒಂದು ಸಂಜೆ ಶೀಟು ಹಿಡಿದು ಅಡುಗೆಮನೆಗೆ ಬಂದಳು.

"ಅಮ್ಮಾ, ಇದೊಂಚೂರು ಹೇಳ್ಕೊಡು. ಒಳಗಿನ ತೂತು ಯಾವ ಕಡೆಯಿಂದ ಕಾಣುತ್ತೆ ಅಂತಾನೇ ತಿಳೀತಿಲ್ಲ."

"ಕ್ಲಾಸಲ್ಲಿ ಕೇಳು. ಮನೇಲಿ ಹೇಳ್ಕೊಟ್ಟೆ ಅಂತ ಗೊತ್ತಾದ್ರೆ ಸ್ಟಾಫ್ ರೂಮಿನೋರು ನನ್ನ ಸುಮ್ನೆ ಬಿಡ್ತಾರಾ?"

ಕ್ಲಾಸಿನಲ್ಲಿ ಕೇಳಿದಳು. "ಹೋದ ವಾರ ಹೇಳಿದೀನಲ್ಲ, ಆಗ ಗಮನ ಎಲ್ಲಿತ್ತು?" ಎಂದರು ಮೇಡಂ. ಬೇರೆ ಯಾರೇ ಕೇಳಿದ್ದರೂ ಬೋರ್ಡಿನ ಮೇಲೆ ಇನ್ನೊಮ್ಮೆ ಬರೆದು ತೋರಿಸುತ್ತಿದ್ದರು. ಮಗಳೆಂದು ಸಲಿಗೆ ಕೊಟ್ಟರೆ ಜನ ಏನೆಂದುಕೊಂಡಾರೋ ಎಂಬ ಭಯ ಅವರ ನಾಲಗೆಯನ್ನು ಹರಿತ ಮಾಡಿತ್ತು. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಹುಡುಗಿ ಅಲ್ಲಿಂದಾಚೆ ಕೇಳುವುದನ್ನೇ ಬಿಟ್ಟಳು.

ಸ್ವಲ್ಪ ದಿನಕ್ಕೆ, ಶೀಟು ತಿದ್ದುವಾಗ ಎರಡು ಶೀಟುಗಳಲ್ಲಿ ಒಂದೇ ಥರದ ತಪ್ಪು ಮೇಡಂ ಕಣ್ಣಿಗೆ ಬಿತ್ತು: ಒಳಗಿನ ತೂತಿಗೆ ಬಿಟ್ಟುಬಿಟ್ಟು ತುಂಡುಗೆರೆ ಎಳೆಯಬೇಕಾದ ಕಡೆ ತುಂಬುಗೆರೆ. ಒಂದು ಮಗಳದು. ಮರುದಿನ ಎರಡನ್ನೂ ತರಗತಿಗೆ ಎತ್ತಿ ತೋರಿಸಿ, ಮಗಳದನ್ನು ಮಾತ್ರ ಹರಿದುಹಾಕಿದರು.

"ನನ್ನ ಮಗಳಾದ್ರೂ ಅಷ್ಟೇ!"

ಸ್ಟಾಫ್ ರೂಮಿನಲ್ಲಿ ಸಂಜೆಯವರೆಗೂ ಇದೇ ಮಾತು, ಶಹಬ್ಬಾಸ್‌ಗಿರಿ.

ಮನೆಯಲ್ಲಿ ಊಟಕ್ಕೆ ಕೂತಾಗ ಮಗಳು ತಟ್ಟೆಯಿಂದ ಮುಖವೆತ್ತದೆ ಹೇಳಿದಳು: "ನಾನು ಕೇಳಿದ್ದೆ ಅಮ್ಮಾ. ಮನೇಲೂ ಕೇಳ್ದೆ, ಕ್ಲಾಸಲ್ಲೂ ಕೇಳ್ದೆ. ನೀನು ಇಲ್ಲಿ ಅಮ್ಮ ಆಗ್ಲಿಲ್ಲ, ಅಲ್ಲಿ ಮೇಡಮ್ಮೂ ಆಗ್ಲಿಲ್ಲ."

"ಮೊದ್ಲು ಊಟ ಮಾಡಿ ಇಬ್ರೂ," ಎಂದ ಅಪ್ಪ.

ವರ್ಷ ಮುಗಿಯುವ ಮೊದಲೇ ಅವಳು ಕಾಲೇಜು ಬಿಟ್ಟು ಕನ್ನಡಕದಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅಪ್ಪ ಎಷ್ಟು ಗೋಗರೆದರೂ ಜಗ್ಗಲಿಲ್ಲ. ಅಮ್ಮನೊಂದಿಗೆ ಜಗಳವೇನೂ ಆಡುತ್ತಿರಲಿಲ್ಲ. ಗ್ಯಾಸ್ ಮುಗಿದದ್ದು, ನಲ್ಲಿ ಸೋರಿದ್ದು, ಇಂಥ ಮಾತು ನಡೆಯುತ್ತಿತ್ತು, ಅಷ್ಟೇ.

ಒಂದು ಬೆಳಿಗ್ಗೆ ಮೇಡಂ ಬಟ್ಟೆ ಸೋಪಿನ ಬಿಲ್ಲೆಯೊಂದನ್ನು ಚಾಕುವಿನಿಂದ ಕೆತ್ತಿ, ನಡುವೆ ತೂತು ಕೊರೆದು ಮಗಳ ಮುಂದಿಟ್ಟರು. "ನೋಡು. ಪಕ್ಕದಿಂದ ತೂತು ಕಾಣಲ್ಲ. ಒಳಗಿದೆ ಅಂತ ಗೊತ್ತು. ಅದಕ್ಕೇ ತುಂಡುಗೆರೆ."

ಮಗಳು ಬಿಲ್ಲೆಯನ್ನು ಹಿಂದೆ ಮುಂದೆ ತಿರುಗಿಸಿದಳು. "ಇಷ್ಟೇನಾ?"

"ಇಷ್ಟೇ." ಮೇಡಂ ಚಾಕು ಪಕ್ಕಕ್ಕಿಟ್ಟರು. "ಮತ್ತೆ ಸೇರ್ತೀಯೇನೇ? ನಾನೇ ಕೂತು ಹೇಳ್ಕೊಡ್ತೀನಿ."

"ಬೇಡಮ್ಮ. ಆ ಆಸೇನೇ ಹೋಯ್ತು." ಅವಳು ಕೈ ತೊಳೆದುಕೊಂಡು ಚಪ್ಪಲಿ ಮೆಟ್ಟಿದಳು. "ಬಸ್ಸಿಗೆ ಹೊತ್ತಾಯ್ತು."